ಮೂರು ಸಾಲಿನ ಅಂಕಿಗಳು

ಮಗುವಿನ ಕೈಗೆ ಮೊದಲು ಬರುವ ಪುಸ್ತಕಕ್ಕೆ ನಮ್ಮ ಹಿರಿಯರು ಅಂಕಲಿಪಿ ಎಂದು ಹೆಸರಿಟ್ಟರು. ಲಿಪಿಗಿಂತ ಮೊದಲು ಅಂಕವನ್ನು ಹೇಳಿದ ಆ ಹೆಸರಿನಲ್ಲಿ ವಿವೇಕವಿದೆ. ಓದು ಬಾರದವರು ಹಳ್ಳಿಹಳ್ಳಿಯಲ್ಲಿ ಸಿಗುತ್ತಾರೆ. ಎಣಿಕೆ ಬಾರದವರು ಸಿಗುವುದು ದುರ್ಲಭ. ಕುರಿಗಾಹಿಯು ಸಂಜೆ ಹಟ್ಟಿಯ ಬಾಗಿಲಲ್ಲಿ ನಿಂತು ತಲೆಗಳನ್ನೆಣಿಸುತ್ತಾನೆ. ಕೂಲಿಯ ಹೆಣ್ಣುಮಗಳು ದುಡಿದ ದಿನಗಳನ್ನು ಬೆರಳ ಗೆಣ್ಣುಗಳ ಮೇಲೆ ಕಾದಿಟ್ಟುಕೊಂಡಿರುತ್ತಾಳೆ. ಹೀಗೆ ಬಾಯಲ್ಲಿಯೂ ಬೆರಳಲ್ಲಿಯೂ ಇರುವ ಎಣಿಕೆಯನ್ನು ಪಾಟಿಯ ಮೇಲೆ ಇಳಿಸುವ ಗುರುತೇ ಅಂಕಿ. ಅಂತಹ ಗುರುತುಗಳು ಹತ್ತೇ ಹತ್ತು. ಆ ಹತ್ತರಿಂದಲೇ ಮನುಷ್ಯನು ತನ್ನ ಹೊಲದ ಅಳತೆಯನ್ನೂ ನಕ್ಷತ್ರಗಳ ದೂರವನ್ನೂ ಬರೆಯುತ್ತಾನೆ. ನಿತ್ಯವೂ ಕಣ್ಣೆದುರಿಗಿರುವುದರಿಂದ ಇದು ಆಶ್ಚರ್ಯವೆಂದು ನಮಗೆ ತೋರುವುದಿಲ್ಲ.

ಗಡಿಯ ಕನ್ನಡ ಶಾಲೆಗಳಲ್ಲಿ ಕಲಿಸುವವರಿಗೂ ಕಲಿಯುವವರಿಗೂ ಅಂಕಿಗಳ ಮಾತು ಇನ್ನಷ್ಟು ತೊಡಕಿನದು. ನಾವು ಅಕ್ಕಲಕೋಟೆಯ ಸೀಮೆಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕರು. ನಮ್ಮ ತರಗತಿಯ ಗೋಡೆಯ ಮೇಲೆ ಅಂಕಿಗಳ ಮೂರು ಸಾಲುಗಳಿವೆ. ಮೇಲಿನದು ಕನ್ನಡದ ಸಾಲು. ನಡುವಿನದು ದೇವನಾಗರಿಯ ಸಾಲು. ಮಕ್ಕಳು ಅದನ್ನು ಮರಾಠಿ ಅಂಕಿ ಎನ್ನುತ್ತಾರೆ. ಕೆಳಗಿನದು 1, 2, 3 ಎಂದು ಜಗತ್ತೆಲ್ಲ ಬರೆಯುವ ಸಾಲು. ಮಕ್ಕಳ ಬಾಯಲ್ಲಿ ಅದು ಇಂಗ್ಲಿಷ್ ಅಂಕಿ. ಪುಸ್ತಕಗಳಲ್ಲಿ ಅರಬೀ ಅಂಕಿ. ಈ ಮೂರು ಸಾಲುಗಳನ್ನು ಗೋಡೆಯ ಅಲಂಕಾರಕ್ಕೆಂದು ಬರೆಸಿದ್ದಲ್ಲ. ನಮ್ಮ ಊರಿನ ಹುಡುಗನು ಶಾಲೆಯಲ್ಲಿ ಕನ್ನಡದ ಪಾಟಿಯನ್ನು ಹಿಡಿಯುತ್ತಾನೆ. ಬಸ್ಸಿನ ನಿಲ್ದಾಣದಲ್ಲಿ ಮರಾಠಿಯ ವೇಳಾಪಟ್ಟಿಯನ್ನು ನೋಡುತ್ತಾನೆ. ಮನೆಗೆ ಬಂದು ತಂದೆಯ ಮೊಬೈಲಿನಲ್ಲಿ ಮೂರನೆಯ ಸಾಲನ್ನು ಒತ್ತುತ್ತಾನೆ. ರೈತನ ಮನೆಯಲ್ಲಿ ಎಲ್ಲಕ್ಕಿಂತ ಜೋಪಾನವಾಗಿರುವ ಕಾಗದವೆಂದರೆ ಭೂಮಿಯ ಉತಾರೆ. ಅದಕ್ಕೆ ಜನರಿಟ್ಟ ಹೆಸರೇ ಸಾತ್‌ಬಾರಾ, ಎಂದರೆ ಏಳು ಹನ್ನೆರಡು. ಗ್ರಾಮದ ಏಳನೆಯ ಮತ್ತು ಹನ್ನೆರಡನೆಯ ನಮೂನೆಗಳನ್ನು ಕೂಡಿಸಿದ ಪತ್ರವಾದುದರಿಂದ ಆ ಹೆಸರು ಬಂದಿತು. ಅಲ್ಲಿ ಮನುಷ್ಯನ ಅನ್ನದ ಆಧಾರವನ್ನೇ ಅಂಕಿಗಳಿಂದ ಕರೆಯುತ್ತಾರೆ.

ಸಾಲುಗಳು ಮೂರಾದಾಗ ಗೊಂದಲಗಳೂ ಬರುತ್ತವೆ. ದೇವನಾಗರಿಯ ಒಂದು ಮೂರನೆಯ ಸಾಲಿನ ಒಂಬತ್ತರಂತೆ ಕಾಣುತ್ತದೆ. ಅಲ್ಲಿಯ ನಾಲ್ಕು ನೆತ್ತಿ ತೆರೆದ ಎಂಟರಂತಿದೆ. ಅಲ್ಲಿಯ ಐದನ್ನು ಇಲ್ಲಿಯ ನಾಲ್ಕೆಂದು ಓದುವ ಮಕ್ಕಳು ಬಹಳ. ಕನ್ನಡದಲ್ಲಿಯೇ ೬ ಮತ್ತು ೯ ಒಂದೇ ಬಸಿರಿನ ಮಕ್ಕಳಂತಿವೆ. ಅವಸರದಲ್ಲಿ ಬರೆದ ೧ ಬಾಯಿ ಮುಚ್ಚಿಕೊಂಡು ೦ ಆಗಿಬಿಡುತ್ತದೆ. ಬೇರೆ ಸೀಮೆಯ ಶಿಕ್ಷಕರಿಗೆ ಇದು ನಗೆಯ ಮಾತಾಗಬಹುದು. ಹತ್ತು ಗಂಟೆಯ ಬಸ್ಸನ್ನು ತೊಂಬತ್ತು ಗಂಟೆಯದೆಂದು ಓದಿ ಬೆರಗಾದ ಎರಡನೆಯ ಇಯತ್ತೆಯ ಮಗುವಿಗೆ ಅದು ನಗೆಯಲ್ಲ.

ಆದುದರಿಂದಲೇ ಪಾಲಕರು ನಮ್ಮನ್ನು ಆಗಾಗ ಕೇಳುವುದುಂಟು: ‘‘ಒಂದೇ ಸಾಲು ಸಾಕಲ್ಲವೇ ಗುರುಗಳೇ? ಬ್ಯಾಂಕಿನಲ್ಲಿ ಕನ್ನಡ ಅಂಕಿ ಇಲ್ಲ, ಫೋನಿನಲ್ಲಿ ಇಲ್ಲ, ಮುಂದಿನ ಪರೀಕ್ಷೆಗಳಲ್ಲಿ ಇಲ್ಲ. ಮಕ್ಕಳಿಗೆ ಅದೇಕೆ ಹೆಚ್ಚಿನ ಹೊರೆ?’’ ಇದಕ್ಕೆ ತೀರ ವಿರುದ್ಧವಾದ ಮಾತನ್ನೂ ನಾವು ಸಭೆಗಳಲ್ಲಿ ಕೇಳಿದ್ದೇವೆ: ‘‘ಪರದೇಶದ ಅಂಕಿ ನಮಗೇಕೆ? ಕನ್ನಡ ಶಾಲೆಯಲ್ಲಿ ಕನ್ನಡ ಅಂಕಿಯೊಂದೇ ಇರತಕ್ಕದ್ದು.’’ ಮೊದಲನೆಯವರು ಬಡತನದ ಚಿಂತೆಯಿಂದ ಆಡುತ್ತಾರೆ, ಎರಡನೆಯವರು ಅಭಿಮಾನದಿಂದ. ಇಬ್ಬರನ್ನೂ ಹಗುರವಾಗಿ ಕಾಣಲಾಗದು. ಇಬ್ಬರಿಗೂ ಉತ್ತರ ಅಂಕಿಗಳ ಚರಿತ್ರೆಯಲ್ಲಿಯೇ ಇದೆಯೆಂದು ನಮಗೆ ತೋರುತ್ತದೆ. ಆದಕಾರಣ ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇವೆ.

ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. ೧೮೯೨ರಲ್ಲಿ ಬಿ. ಎಲ್. ರೈಸ್ ಅವರು ಅದನ್ನು ಬೆಳಕಿಗೆ ತಂದರು. ಕನ್ನಡ ನಾಡಿನ ಬಂಡೆಯ ಮೇಲಿರುವ ಆ ಬ್ರಾಹ್ಮೀ ಬರಹದಲ್ಲಿ ೨೫೬ ಎಂಬ ಸಂಖ್ಯೆಯು ಅಂಕಿಗಳಲ್ಲಿಯೇ ಬಂದಿದೆ. ಆದರೆ ಅದನ್ನು ಬರೆದ ಕ್ರಮ ನಮ್ಮದಲ್ಲ. ಇನ್ನೂರಕ್ಕೆ ಒಂದು ಗುರುತು, ಐವತ್ತಕ್ಕೆ ಬೇರೊಂದು, ಆರಕ್ಕೆ ಮತ್ತೊಂದು. ಮೂರನ್ನೂ ಸಾಲಾಗಿ ಇಟ್ಟರೆ ಸಂಖ್ಯೆಯಾಯಿತು. ಪುಣೆ ಜಿಲ್ಲೆಯ ಜುನ್ನರದ ಬಳಿ ನಾಣೇಘಾಟ ಎಂಬ ಕಣಿವೆಯ ಗವಿಯಲ್ಲಿ ಸಾತವಾಹನರ ರಾಣಿ ನಾಗನಿಕೆಯ ಶಾಸನವಿದೆ. ಯಜ್ಞಗಳಲ್ಲಿ ಕೊಟ್ಟ ದಾನಗಳ ಲೆಕ್ಕವನ್ನು ಅಲ್ಲಿಯೂ ಇದೇ ಕ್ರಮದ ಅಂಕಿಗಳಲ್ಲಿ ಕೊರೆದಿದ್ದಾರೆ. ಹತ್ತಕ್ಕೆ, ಇಪ್ಪತ್ತಕ್ಕೆ, ನೂರಕ್ಕೆ, ಸಾವಿರಕ್ಕೆ ಪ್ರತ್ಯೇಕ ಗುರುತುಗಳಿದ್ದಾಗ ಸೊನ್ನೆಯ ಅಗತ್ಯವೇ ಬೀಳುವುದಿಲ್ಲ. ಇನ್ನೂರಾರನ್ನು ಬರೆಯಬೇಕಾದರೆ ಐವತ್ತರ ಗುರುತನ್ನು ಬಿಟ್ಟರಾಯಿತು.

ಆ ಬ್ರಾಹ್ಮಿಯಲ್ಲಿ ಒಂದಕ್ಕೆ ಒಂದು ಅಡ್ಡಗೆರೆ, ಎರಡಕ್ಕೆ ಎರಡು, ಮೂರಕ್ಕೆ ಮೂರು. ನಮ್ಮ ಸಹೋದ್ಯೋಗಿಗಳು ಒಮ್ಮೆ ಈ ಪ್ರಯೋಗವನ್ನು ಮಾಡಿ ನೋಡಬೇಕು. ಒಂದರ ಕೆಳಗೊಂದು ಎರಡು ಅಡ್ಡಗೆರೆಗಳನ್ನು ಸುಣ್ಣದ ಕಡ್ಡಿಯನ್ನು ಎತ್ತದೆ ಬೇಗ ಬೇಗ ಬರೆಯಿರೆಂದು ಮಕ್ಕಳಿಗೆ ಹೇಳಿರಿ. ಮೇಲಿನ ಗೆರೆಯ ಬಲತುದಿಯಿಂದ ಕಡ್ಡಿ ಓರೆಯಾಗಿ ಇಳಿದು ಕೆಳಗಿನ ಗೆರೆಯನ್ನು ಎಳೆಯುತ್ತದೆ. ಅಲ್ಲಿಗೆ 2 ಸಿದ್ಧ! ಮೂರು ಗೆರೆಗಳನ್ನು ಹಾಗೆಯೇ ಎಳೆದರೆ 3. ನಮ್ಮ ೨ ಮತ್ತು ೩, ಮರಾಠಿಯ ಎರಡು ಮತ್ತು ಮೂರು, ಜಗತ್ತಿನ 2 ಮತ್ತು 3, ಎಲ್ಲವೂ ಈ ಅವಸರದ ಕೈಬರಹದಿಂದಲೇ ಹುಟ್ಟಿದವು. ಮಕ್ಕಳು ಇದನ್ನು ತಮ್ಮ ಕೈಯಿಂದಲೇ ಕಂಡುಕೊಂಡ ದಿನ ಗೋಡೆಯ ಮೂರು ಸಾಲುಗಳು ಅವರ ಪಾಲಿಗೆ ಒಂದೇ ಮನೆತನದ ಮೂರು ಕವಲುಗಳಾಗುತ್ತವೆ.

ಗುರುತುಗಳ ಆಕಾರಕ್ಕಿಂತ ದೊಡ್ಡ ಶೋಧವಾದುದು ಸ್ಥಾನಬೆಲೆ. ಒಂದೇ ಅಂಕಿ ಬಿಡಿಯ ಮನೆಯಲ್ಲಿ ಕುಳಿತರೆ ಐದು, ಹತ್ತರ ಮನೆಯಲ್ಲಿ ಕುಳಿತರೆ ಐವತ್ತು, ನೂರರ ಮನೆಯಲ್ಲಿ ಐನೂರು. ಹೀಗೆ ಕೂತ ಜಾಗಕ್ಕೆ ಬೆಲೆ ಬಂದ ಮೇಲೆ ಖಾಲಿ ಜಾಗವನ್ನು ತೋರಿಸಲೂ ಒಂದು ಗುರುತು ಬೇಕಾಯಿತು. ಯಾರೂ ಇಲ್ಲದ ಮನೆಗೂ ಬಾಗಿಲು ಬೇಕು. ಇಲ್ಲವಾದರೆ ಮುಂದಿನ ಮನೆಯವರು ಸರಿದು ಬಂದುಬಿಡುತ್ತಾರೆ. ಆ ಗುರುತೇ ಶೂನ್ಯ, ನಮ್ಮ ಸೊನ್ನೆ. ೬೨೮ರಲ್ಲಿ ಬ್ರಹ್ಮಗುಪ್ತನು ‘ಬ್ರಾಹ್ಮಸ್ಫುಟಸಿದ್ಧಾಂತ’ದಲ್ಲಿ ಸೊನ್ನೆಯನ್ನು ಕೂಡುವ, ಕಳೆಯುವ, ಗುಣಿಸುವ ನಿಯಮಗಳನ್ನು ಹೇಳಿದನು. ಖಾಲಿ ಜಾಗದ ಗುರುತು ತಾನೇ ಒಂದು ಸಂಖ್ಯೆಯಾದ ಕಥೆಯಲ್ಲಿ ಇದು ದೊಡ್ಡ ಹೆಜ್ಜೆ.

ಸೊನ್ನೆ ಬೇಗನೆ ದೂರ ನಡೆಯಿತು. ಕಾಂಬೋಡಿಯಾದಲ್ಲಿ ಶಕ ೬೦೫ರ, ಎಂದರೆ ಕ್ರಿ. ಶ. ೬೮೩ರ ಶಾಸನವೊಂದರಲ್ಲಿ ನಡುವಿನ ಸೊನ್ನೆಯನ್ನು ಚುಕ್ಕೆಯಾಗಿ ಕೊರೆದಿದ್ದಾರೆ. ಗ್ವಾಲಿಯರದ ಚತುರ್ಭುಜ ದೇವಾಲಯದಲ್ಲಿ ೮೭೬ರ ಶಾಸನವಿದೆ. ಅದರಲ್ಲಿ ದೇವರ ಹೂದೋಟದ ಉದ್ದ ೨೭೦ ಮೊಳ. ನಿತ್ಯಪೂಜೆಗೆ ೫೦ ಹೂಮಾಲೆ. ಎರಡು ಕಡೆಯೂ ಸೊನ್ನೆ ಇಂದಿನಂತೆಯೇ ಸಣ್ಣ ವೃತ್ತವಾಗಿದೆ. ತೋಟದ ಅಳತೆ, ಹೂವಿನ ಲೆಕ್ಕ! ಸೊನ್ನೆಯು ತತ್ತ್ವಜ್ಞಾನಿಗಳ ಗಹನ ವಿಚಾರವೆಂದು ತಿಳಿದವರಿಗೆ ಈ ಶಾಸನವನ್ನು ತೋರಿಸಬೇಕು. ಅಷ್ಟು ಹೊತ್ತಿಗಾಗಲೇ ಅದು ಮಾಲೆಗಾರನ ವ್ಯವಹಾರಕ್ಕೆ ಇಳಿದಿತ್ತು.

ನಮ್ಮ ಸೀಮೆಯಿಂದ ಪೂರ್ವಕ್ಕೆ ಕಲಬುರ್ಗಿಯನ್ನು ದಾಟಿ ಹೋದರೆ ಕಾಗಿಣಾ ನದಿಯ ದಂಡೆಯ ಮೇಲೆ ಮಳಖೇಡ ಸಿಗುತ್ತದೆ. ಅದು ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ಅಲ್ಲಿ ಅಮೋಘವರ್ಷ ನೃಪತುಂಗನು ಆಳುತ್ತಿದ್ದನು. ಆ ಅರಸನನ್ನು ಕೊಂಡಾಡಿ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ಬರೆದನು. ಜ್ಯೋತಿಷದ ಬಾಲವಾಗದೆ ಗಣಿತವೇ ವಿಷಯವಾಗಿರುವ ಗ್ರಂಥವದು. ತಿರುಗಿಸಿ ಓದಿದರೂ ಅದೇ ಆಗಿರುವ ಸಂಖ್ಯೆಗಳನ್ನು ಗುಣಾಕಾರದಿಂದ ಹುಟ್ಟಿಸಿ ಆಚಾರ್ಯನು ಅವುಗಳನ್ನು ಹಾರಗಳೆಂದು ಕರೆದಿದ್ದಾನೆ. ೧೧೧ನ್ನು ೧೧೧ರಿಂದ ಗುಣಿಸಿದರೆ ೧೨೩೨೧ ಬರುವುದನ್ನು ನೋಡಿದ ನಾಲ್ಕನೆಯ ಇಯತ್ತೆಯ ಮಕ್ಕಳು ಇಂದಿಗೂ ಕುಣಿಯುತ್ತಾರೆ. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ‘ವ್ಯವಹಾರಗಣಿತ’ ಮೊದಲಾದ ಗ್ರಂಥಗಳನ್ನು ಕನ್ನಡದಲ್ಲಿಯೇ ರಚಿಸಿದನು. ಕನ್ನಡದಲ್ಲಿ ಗಣಿತ ಹೇಳುವುದು ಹೊಸ ಹಟವಲ್ಲವೆಂಬುದಕ್ಕೆ ಇಷ್ಟು ಸಾಕು.

ಅದೇ ಒಂಬತ್ತನೆಯ ಶತಮಾನದಲ್ಲಿ ಅರಬ ವರ್ತಕರು ನಮ್ಮ ಪಡುಗಡಲಿಗೆ ಬಂದು ಹೋಗುತ್ತಿದ್ದರು. ೮೫೧ರ ಅರಬೀ ವೃತ್ತಾಂತವೊಂದು ಬಲ್ಹರಾ ಎಂಬ ಹೆಸರಿನಿಂದ ರಾಷ್ಟ್ರಕೂಟ ದೊರೆಯನ್ನು ಜಗತ್ತಿನ ನಾಲ್ವರು ಮಹಾರಾಜರಲ್ಲಿ ಒಬ್ಬನೆಂದು ಎಣಿಸಿದೆ. ನಮ್ಮ ಅಂಕಿಗಳು ಮಾತ್ರ ಅದಕ್ಕಿಂತ ಮೊದಲೇ ಪಶ್ಚಿಮಕ್ಕೆ ಹೋಗಿದ್ದವು. ೬೬೨ರಲ್ಲಿ ಸಿರಿಯಾದ ಸೆವೆರಸ್ ಸೆಬೋಖ್ತ್ ಎಂಬ ಕ್ರೈಸ್ತ ವಿದ್ವಾಂಸನು ಭಾರತೀಯರು ಒಂಬತ್ತು ಗುರುತುಗಳಿಂದ ಮಾಡುವ ಲೆಕ್ಕವನ್ನು ಮೆಚ್ಚಿ ಬರೆದನು. ಕ್ರಿ. ಶ. ೮೨೫ರ ಸುಮಾರಿಗೆ ಬಾಗ್ದಾದಿನಲ್ಲಿ ಅಲ್-ಖ್ವಾರಿಜ್ಮಿಯು ಭಾರತೀಯ ಗಣನೆಯ ಮೇಲೆ ಒಂದು ಪುಸ್ತಕವನ್ನೇ ರಚಿಸಿದನು. ಅದರ ಅರಬೀ ಮೂಲ ಉಳಿದಿಲ್ಲ. ಹನ್ನೆರಡನೆಯ ಶತಮಾನದ ಲ್ಯಾಟಿನ್ ರೂಪಗಳು ಉಳಿದಿವೆ. ಇಂದು ಗಣಕಯಂತ್ರದವರು ಅಲ್ಗಾರಿದಮ್ ಎಂದು ಹೇಳುವ ಶಬ್ದ ಆತನ ಹೆಸರಿನಿಂದಲೇ ಬಂದುದು.

ಶಿಕ್ಷಕರಾದ ನಮಗೆ ಅಚ್ಚುಮೆಚ್ಚಿನವನೆಂದರೆ ದಮಾಸ್ಕಸ್ ನಗರದ ಅಲ್-ಉಕ್ಲಿದಿಸಿ. ಆ ಕಾಲದ ಲೆಕ್ಕವೆಲ್ಲ ಧೂಳು ಹರಡಿದ ಹಲಗೆಯ ಮೇಲೆ ನಡೆಯುತ್ತಿತ್ತು. ಬೆರಳಿನಿಂದ ಬರೆಯುವುದು, ಅಳಿಸುವುದು, ಅದೇ ಜಾಗದಲ್ಲಿ ಮತ್ತೆ ಬರೆಯುವುದು. ಮರಳಿನ ಮೇಲೆ ತಿದ್ದಿ ಕಲಿತ ನಮ್ಮ ಅಜ್ಜಂದಿರಿಗೆ ಇದು ಹೊಸದೆನಿಸದು. ೯೫೨ರಲ್ಲಿ ಉಕ್ಲಿದಿಸಿಯು ತನ್ನ ಪುಸ್ತಕದಲ್ಲಿ ಧೂಳಿನ ಹಲಗೆಯನ್ನು ಬೀದಿಯ ಜೋಯಿಸರಿಗೆ ಬಿಟ್ಟುಕೊಟ್ಟು ಕಾಗದದ ಮೇಲೆ ಮಸಿಯಿಂದ ಲೆಕ್ಕ ಮಾಡುವ ವಿಧಾನವನ್ನು ವಿವರಿಸಿದನು. ಅಳಿಸದೆ ಮಾಡಿದ ಲೆಕ್ಕದಲ್ಲಿ ಹಾದಿ ಉಳಿಯುತ್ತದೆ. ಎಲ್ಲಿ ಎಡವಿದೆವೆಂದು ಹಿಂದಿರುಗಿ ನೋಡಬಹುದು. ‘ಉತ್ತರವೊಂದೇ ಸಾಲದು, ಕ್ರಮವನ್ನೂ ಬರೆ’ ಎಂದು ನಾವು ದಿನಕ್ಕೆ ಹತ್ತು ಸಲ ಹೇಳುವಾಗ ಆ ದಮಾಸ್ಕಸಿನ ಗುರುವಿನ ಮಾತನ್ನೇ ಹೇಳುತ್ತಿರುತ್ತೇವೆ.

ಅರಬರ ಪೂರ್ವದೇಶಗಳಲ್ಲಿ ಈ ಅಂಕಿಗಳು ಒಂದು ರೂಪವನ್ನು ತಳೆದವು, ಉತ್ತರ ಆಫ್ರಿಕಾ ಮತ್ತು ಸ್ಪೇನುಗಳಲ್ಲಿ ಇನ್ನೊಂದು ರೂಪವನ್ನು. ಈ ಎರಡನೆಯವುಗಳಿಗೆ ಗುಬಾರ್ ಅಂಕಿಗಳೆಂದು ಹೆಸರು. ಗುಬಾರ್ ಎಂದರೆ ಧೂಳು. ಯುರೋಪು ಪಡೆದುದು ಈ ಧೂಳಿನ ಅಂಕಿಗಳನ್ನು. ೯೭೬ರಲ್ಲಿ ಸ್ಪೇನಿನ ಮಠವೊಂದರಲ್ಲಿ ನಕಲಾದ ಹಸ್ತಪ್ರತಿಯಲ್ಲಿ ಒಂಬತ್ತು ಅಂಕಿಗಳಿವೆ, ಸೊನ್ನೆಯಿಲ್ಲ. ಇಟಲಿಯ ಪೀಸಾ ನಗರದ ಲಿಯೊನಾರ್ಡೊ, ಎಂದರೆ ಫಿಬೊನಾಚಿ, ಇಂದಿನ ಅಲ್ಜೀರಿಯಾದ ಬುಗಿಯಾ ಬಂದರಿನಲ್ಲಿ ಬಾಲಕನಾಗಿದ್ದಾಗ ಈ ಲೆಕ್ಕವನ್ನು ಕಲಿತನು. ಅವನ ತಂದೆ ಅಲ್ಲಿ ಪೀಸಾದ ವರ್ತಕರ ಸುಂಕದ ಕೆಲಸದಲ್ಲಿದ್ದನು. ೧೨೦೨ರಲ್ಲಿ ಬರೆದ ತನ್ನ ಗ್ರಂಥದಲ್ಲಿ ಆತನು ಅವುಗಳನ್ನು ಭಾರತೀಯರ ಒಂಬತ್ತು ಅಂಕಿಗಳೆಂದೇ ಪರಿಚಯಿಸಿದನು. ಸೊನ್ನೆಯನ್ನು ಮಾತ್ರ ಅರಬರು ಕರೆದ ಹೆಸರಿನಿಂದ ಹೇಳಿದನು. ನಮ್ಮ ಶೂನ್ಯವನ್ನು ಅರಬರು ಖಾಲಿ ಎಂಬರ್ಥದ ಸಿಫ್ರ್ ಎಂಬ ಶಬ್ದದಿಂದ ಅನುವಾದಿಸಿದ್ದರು. ಅದು ಲ್ಯಾಟಿನ್ನಿನಲ್ಲಿ ಜೆಫಿರಮ್ ಆಗಿ, ಇಟಲಿಯಲ್ಲಿ ಸವೆದು ಜೀರೊ ಆಯಿತು. ಇತ್ತ ಅದೇ ಶೂನ್ಯವು ಪ್ರಾಕೃತದಲ್ಲಿ ಸುಣ್ಣವಾಗಿ ಕನ್ನಡದಲ್ಲಿ ಸೊನ್ನೆಯಾಯಿತು. ಸೊನ್ನೆ ಒಂದು ಬೀದಿಯಲ್ಲಿ ಬೆಳೆದ ಕೂಸು, ಜೀರೊ ಏಳು ಕಡಲು ದಾಟಿ ಬಂದ ಕೂಸು; ತವರು ಎರಡಕ್ಕೂ ಒಂದೇ.

ಹೊಸ ಅಂಕಿಗಳನ್ನು ಯುರೋಪು ಸುಲಭವಾಗಿ ಒಪ್ಪಿಕೊಳ್ಳಲಿಲ್ಲ. ೧೨೯೯ರಲ್ಲಿ ಫ್ಲಾರೆನ್ಸಿನ ಹಣದ ವ್ಯಾಪಾರಿಗಳ ಸಂಘವು ಲೆಕ್ಕದ ಪುಸ್ತಕಗಳಲ್ಲಿ ಇವುಗಳನ್ನು ಬಳಸಕೂಡದೆಂದು ಕಟ್ಟಳೆ ಮಾಡಿತು. ಸೊನ್ನೆಗೆ ಒಂದು ಬಾಲವನ್ನು ಹಚ್ಚಿದರೆ ಆರೋ ಒಂಬತ್ತೋ ಆಗುತ್ತದೆ. ಬಲಗಡೆಗೆ ಒಂದು ಸೊನ್ನೆಯನ್ನು ಸೇರಿಸಿದರೆ ಸಾಲ ಹತ್ತುಪಟ್ಟು ಬೆಳೆಯುತ್ತದೆ. ಈ ಭಯ ಇಂದಿಗೂ ಹೋಗಿಲ್ಲ. ಬ್ಯಾಂಕಿನ ಚೆಕ್ಕಿನಲ್ಲಿ ಹಣವನ್ನು ಅಂಕಿಯಲ್ಲಿಯೂ ಅಕ್ಷರದಲ್ಲಿಯೂ ಬರೆಯಬೇಕು. ಎರಡರಲ್ಲಿ ವ್ಯತ್ಯಾಸವಿದ್ದರೆ ೧೮೮೧ರ ಕಾಯಿದೆಯ ಮೇರೆಗೆ ಅಕ್ಷರದ ಮೊತ್ತವೇ ಪ್ರಮಾಣ. ಅಂಕಿಯು ಶೀಘ್ರಗಾಮಿ, ಅಕ್ಷರವು ಸಾಕ್ಷಿ. ಹದಿನೈದನೆಯ ಶತಮಾನದ ಮುದ್ರಣಕಲೆ ಈ ಅಂಕಿಗಳ ಆಕಾರವನ್ನು ನಿಲ್ಲಿಸಿತು. ಮುಂದೆ ಯುರೋಪಿನ ಹಡಗುಗಳೊಂದಿಗೆ ಅವು ಲೋಕವನ್ನು ಸುತ್ತಿ, ಶಾಲೆಯ ಪುಸ್ತಕಗಳಲ್ಲಿ ಕುಳಿತು ತವರಿಗೆ ಮರಳಿದವು. ತವರಿನವರು ಗುರುತು ಹಿಡಿಯದೆ ಇಂಗ್ಲಿಷ್ ಅಂಕಿ ಎಂದು ಕರೆದರು.

ಅರಬೀ ಎಂಬ ಹೆಸರು ಯುರೋಪಿನವರು ತಮಗೆ ತಂದುಕೊಟ್ಟವರ ನೆನಪಿಗಾಗಿ ಇಟ್ಟುದು. ಅರಬರಾದರೋ ತಮ್ಮ ಅಂಕಿಗಳನ್ನು ಹಿಂದೀ ಅಂಕಿಗಳೆಂದೇ ಕರೆಯುತ್ತ ಬಂದಿದ್ದಾರೆ. ಅವರ ಪೂರ್ವದ ರೂಪದಲ್ಲಿ ಸೊನ್ನೆ ಒಂದು ಚುಕ್ಕೆ, ಐದು ಒಂದು ಗುಂಡು. ಉರ್ದು ಬರಹದ ಹಳೆಯ ಪುಸ್ತಕಗಳಲ್ಲಿ ಇದನ್ನು ಕಾಣಬಹುದು. ಹೀಗೆ ಕೊಟ್ಟವರ ಹೆಸರನ್ನು ತಂದವರು ಇಟ್ಟುಕೊಂಡರು, ತಂದವರ ಹೆಸರನ್ನು ಪಡೆದವರು ಇಟ್ಟುಕೊಂಡರು. ನಮ್ಮ ಸಂವಿಧಾನ ಸಭೆಯಲ್ಲಿ ಭಾಷೆಯ ಪ್ರಶ್ನೆಯೊಡನೆ ಅಂಕಿಗಳ ಪ್ರಶ್ನೆಯೂ ತೀವ್ರವಾಗಿ ಚರ್ಚಿತವಾಯಿತು. ೧೯೪೯ರ ಸೆಪ್ಟೆಂಬರಿನಲ್ಲಿ ನಿರ್ಣಯವಾದ ಮಾತು ೩೪೩ನೆಯ ಅನುಚ್ಛೇದದಲ್ಲಿದೆ: ಕೇಂದ್ರದ ಅಧಿಕೃತ ಕಾರ್ಯಗಳಿಗೆ ‘ಭಾರತೀಯ ಅಂಕಿಗಳ ಅಂತರರಾಷ್ಟ್ರೀಯ ರೂಪ’. ಇಂಗ್ಲಿಷ್ ಎಂದೂ ಇಲ್ಲ, ಅರಬೀ ಎಂದೂ ಇಲ್ಲ. ‘ಪರದೇಶದ ಅಂಕಿ’ ಎಂದು ಸಿಡುಕುವ ನಮ್ಮ ಅಭಿಮಾನಿ ಮಿತ್ರರಿಗೆ ಉತ್ತರ ಈ ನಾಲ್ಕು ಪದಗಳಲ್ಲಿ ಇದೆ.

ಅಂಕಿಗಳು ಬೇಗ ಪ್ರಯಾಣ ಮಾಡುತ್ತವೆ. ಅವು ತಂದ ದಶಮಾನ ಪದ್ಧತಿಯು ಸಂತೆಯನ್ನು ಮುಟ್ಟಲು ಬಹಳ ಕಾಲ ಬೇಕಾಯಿತು. ಹತ್ತರ ಲೆಕ್ಕವನ್ನು ಲೋಕಕ್ಕೆ ಕೊಟ್ಟ ನಾಡಿನಲ್ಲಿ ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಪೈ ನಡೆಯುತ್ತಿದ್ದವು. ೧೯೫೭ರ ಏಪ್ರಿಲ್ ೧ರಂದು ನಯಾ ಪೈಸೆ ಬಂದು ರೂಪಾಯಿಗೆ ನೂರು ಪೈಸೆಯಾಯಿತು. ಆಣೆ ಹೋಯಿತು, ‘ಹದಿನಾರಾಣೆ ನಿಜ’ ಎಂಬ ಮಾತು ಉಳಿಯಿತು. ೧೯೭೨ರ ಆಗಸ್ಟ್ ೧೫ರಿಂದ ಅಂಚೆಯವರು ಊರುಗಳಿಗೂ ಆರಂಕಿಯ ಪಿನ್ ಸಂಖ್ಯೆಯನ್ನಿತ್ತರು. ಅಕ್ಕಲಕೋಟೆಯದು ೪೧೩ರಿಂದ ಆರಂಭವಾಗುತ್ತದೆ, ಕಲಬುರ್ಗಿಯದು ೫೮೫ರಿಂದ. ನಮ್ಮ ಮಕ್ಕಳ ಸೋದರಮಾವಂದಿರು ಐದರವರು, ನಾವು ನಾಲ್ಕರವರು! ಇಲ್ಲಿ ಅಂಕಿ ಬೆಲೆಯನ್ನು ಹೇಳುವುದಿಲ್ಲ, ವಿಳಾಸವನ್ನು ಹೇಳುತ್ತದೆ. ಹತ್ತಂಕಿಯ ಮೊಬೈಲ್ ಸಂಖ್ಯೆಯೂ ಹನ್ನೆರಡಂಕಿಯ ಆಧಾರ್ ಸಂಖ್ಯೆಯೂ ಹಾಗೆಯೇ. ಅವುಗಳನ್ನು ಯಾರೂ ಕೂಡುವುದಿಲ್ಲ, ಕಳೆಯುವುದಿಲ್ಲ.

ಇನ್ನು ಬಾಯಿಯ ಎಣಿಕೆಯ ಮಾತು. ಕನ್ನಡದ ಮಗುವಿಗೆ ತಾಯಿ ಕೊಟ್ಟ ಒಂದು ಸಂಪತ್ತಿದೆ. ಅದರ ಬೆಲೆಯನ್ನು ನಾವೇ ಅರಿತಿಲ್ಲವೇನೋ. ೨೫ ಎಂದು ಬರೆದು ನಾವು ಇಪ್ಪತ್ತೈದು ಎನ್ನುತ್ತೇವೆ: ಮೊದಲು ಇಪ್ಪತ್ತು, ಬಳಿಕ ಐದು. ಬರೆದ ಕ್ರಮವೇ ನುಡಿದ ಕ್ರಮ. ಮರಾಠಿಯಲ್ಲಿ ಅದು ಪಂಚವೀಸ: ಮೊದಲು ಐದು, ಬಳಿಕ ಇಪ್ಪತ್ತು. ನಲವತ್ತೊಂಬತ್ತು ಅಲ್ಲಿ ಏಕೋಣಪನ್ನಾಸ, ಎಂದರೆ ಐವತ್ತಕ್ಕೆ ಒಂದು ಕಡಿಮೆ. ಅವರ ಪದಗಳಿಗೂ ತಮ್ಮದೇ ಆದ ಸೊಗಸಿದೆ. ಆದರೆ ಕೇಳಿದಂತೆ ಎಡದಿಂದ ಬರೆಯಹೊರಟ ಮಗುವಿನ ಕೈ ೨೫ಕ್ಕೆ ಬದಲಾಗಿ ೫೨ ಬರೆಯುವ ಸಂಭವವುಂಟು. ೨೦೧೯ರಲ್ಲಿ ಮಹಾರಾಷ್ಟ್ರದ ಎರಡನೆಯ ಇಯತ್ತೆಯ ಗಣಿತ ಪಠ್ಯಪುಸ್ತಕವು ಏಕವೀಸದ ಜೊತೆಗೆ ‘ವೀಸ ಏಕ’ ಎಂಬ ಕ್ರಮವನ್ನು ಸೂಚಿಸಿದಾಗ ರಾಜ್ಯದಲ್ಲೆಲ್ಲ ವಾದವೆದ್ದಿತು. ಆ ವಾದದ ತೀರ್ಮಾನ ಮರಾಠಿ ಬಾಂಧವರದು. ನಾವು ಗಮನಿಸಬೇಕಾದುದು ಇಷ್ಟೇ: ಪುಸ್ತಕವು ಸುಲಭವೆಂದು ಸೂಚಿಸಿದ ಆ ಕ್ರಮವು ಕನ್ನಡದ ಕೂಸಿಗೆ ತೊಟ್ಟಿಲಲ್ಲಿಯೇ ಬಂದಿದೆ. ಸ್ಥಾನಬೆಲೆಯ ಅರ್ಧ ಪಾಠವನ್ನು ಭಾಷೆಯೇ ಮಾಡಿರುತ್ತದೆ. ಇಂತಹ ಎಣಿಕೆಯನ್ನು ಬಿಟ್ಟು ನಮ್ಮ ಹುಡುಗರು ಫೋನಿನ ಸಂಖ್ಯೆಯನ್ನು ಇಂಗ್ಲಿಷಿನಲ್ಲಿ ಒಪ್ಪಿಸುವುದನ್ನೂ, ಸಂತೆಯಲ್ಲಿ ಪನ್ನಾಸ, ಸಾಠ ಎನ್ನುವುದನ್ನೂ ನಾವು ನಿತ್ಯ ಕೇಳುತ್ತೇವೆ. ಸಂತೆಗೆ ಸಂತೆಯ ಮಾತು ಸರಿ. ಮನೆಯಲ್ಲಿ ಮನೆಯ ಮಾತು ಉಳಿಯಬೇಡವೇ?

ಈಗ ಮೊದಲನೆಯ ಪ್ರಶ್ನೆಗೆ ಬರೋಣ: ಬ್ಯಾಂಕಿನಲ್ಲಿಯೂ ಫೋನಿನಲ್ಲಿಯೂ ಕೆಲಸಕ್ಕೆ ಬಾರದ ಕನ್ನಡ ಅಂಕಿ ಏಕೆ? ಇದಕ್ಕೆ ಚರಿತ್ರೆಗಿಂತ ಒಂದು ಬಾವಿಯ ಲೆಕ್ಕ ನಮಗೆ ಹೆಚ್ಚು ಬುದ್ಧಿ ಹೇಳಿತು. ನಮ್ಮ ಶಾಲೆಯ ಊರಿನಲ್ಲಿ ಒಬ್ಬ ಹಿರಿಯ ರೈತರಿದ್ದರು. ತಮ್ಮ ಹೊಲದ ಬಾವಿಯಲ್ಲಿ ಎಷ್ಟು ಮೊಳ ನೀರಿದೆಯೆಂದು ಪ್ರತಿ ಯುಗಾದಿಯ ದಿನ ಹಗ್ಗ ಇಳಿಬಿಟ್ಟು ಅಳೆದು ವಹಿಯಲ್ಲಿ ಬರೆದಿಡುವುದು ಅವರ ನೇಮ. ವಹಿ ೧೯೬೧ರಿಂದ ಆರಂಭವಾಗುತ್ತದೆ, ಅಂಕಿಗಳೆಲ್ಲ ಕನ್ನಡದವು. ಅವರು ತೀರಿಕೊಂಡ ಮೇಲೆ ಮಕ್ಕಳಿಗೆ ಬಾವಿಯ ಚಿಂತೆ ಹತ್ತಿತು. ಆಳಕ್ಕೆ ಅಗೆಸುವುದೋ, ಕೊಳವೆ ಬಾವಿಯನ್ನು ಕೊರೆಸುವುದೋ, ಎಲ್ಲಿಂದ ಸಾಲ ತರುವುದೋ? ತಂದೆಯ ವಹಿಯನ್ನು ತೆಗೆದರೆ ಅಂಕಿಗಳು ಅವರಿಗೆ ಓದಬರಲಿಲ್ಲ. ಅವರು ಕಲಿತುದು ಬೇರೆ ಮಾಧ್ಯಮದ ಶಾಲೆಯಲ್ಲಿ. ೧೦ನ್ನು ಅವರು ಎರಡು ಸೊನ್ನೆಗಳೆಂದು ತಿಳಿದರು. ೬ ಎಲ್ಲಿ, ೯ ಎಲ್ಲಿ ಎಂದು ತಿಳಿಯದಾದರು. ಆ ಮನೆಯ ಹುಡುಗಿ ಆಗ ನಮ್ಮ ನಾಲ್ಕನೆಯ ಇಯತ್ತೆಯಲ್ಲಿದ್ದಳು. ವಹಿಯನ್ನು ಅವಳು ಶಾಲೆಗೆ ತಂದಳು.

ಇಡೀ ತರಗತಿ ಸುತ್ತ ಕುಳಿತು ಆ ಮಗು ಓದಿದುದನ್ನು ಕೇಳಿತು. ಮೊದಲ ವರ್ಷಗಳಲ್ಲಿ ಹದಿನಾಲ್ಕು ಮೊಳ, ಹದಿಮೂರು ಮೊಳ. ೧೯೭೨ರ ಯುಗಾದಿಗೆ ಆರು. ೧೯೭೩ಕ್ಕೆ ಬಂದಾಗ ಅವಳು ನಿಂತಳು. ಆ ವರ್ಷದೆದುರು ಒಂದೇ ಒಂದು ಸೊನ್ನೆಯಿತ್ತು. ‘‘ಇದರ ಮುಂದೆ ಅಂಕಿಯೇ ಇಲ್ಲವಲ್ಲ ಗುರುಗಳೇ’’ ಎಂದಳು. ಒಂದರ ಬಲಗಡೆಗೆ ಕುಳಿತರೆ ಹತ್ತಾಗುವ ಸೊನ್ನೆ, ತಾನೊಂದೇ ಕುಳಿತರೆ ಏನೆಂಬುದನ್ನು ನಾವು ಅಂದು ಹೆಚ್ಚು ವಿವರಿಸಬೇಕಾಗಲಿಲ್ಲ. ಮಹಾರಾಷ್ಟ್ರವನ್ನೆಲ್ಲ ಸುಟ್ಟ ಆ ಬರಗಾಲದ ಕಥೆಯನ್ನು ಮಕ್ಕಳು ತಮ್ಮ ಅಜ್ಜಿಯರಿಂದ ಕೇಳಿದ್ದರು. ಬಾವಿಯ ತಳ ಕಂಡ ದಿನ ಆ ರೈತರು ಶೋಕವನ್ನು ಬರೆಯಲಿಲ್ಲ, ದೂರನ್ನು ಬರೆಯಲಿಲ್ಲ. ಒಂದು ಸೊನ್ನೆಯನ್ನು ಬರೆದು, ಮುಂದಿನ ಯುಗಾದಿಗೆ ಜಾಗ ಬಿಟ್ಟು ವಹಿಯನ್ನು ಮುಚ್ಚಿದ್ದರು.

ಅಂಕಿಗಳನ್ನೆಲ್ಲ ಕ್ರಮವಾಗಿ ಇಳಿಸಿಕೊಂಡಾಗ ಇನ್ನೊಂದು ಸಂಗತಿ ಹೊರಬಿದ್ದಿತು. ಮಳೆ ಚೆನ್ನಾಗಿ ಆದ ವರ್ಷಗಳಲ್ಲಿಯೂ ನೀರಿನ ಮೊಳಗಳು ನಾಲ್ಕು ದಶಕಗಳಿಂದ ಸ್ವಲ್ಪ ಸ್ವಲ್ಪವಾಗಿ ಇಳಿಯುತ್ತ ಬಂದಿದ್ದವು. ತಳದಲ್ಲಿ ಹೂಳು ತುಂಬಿರಬೇಕೆಂದು ಮನೆಯವರು ಊಹಿಸಿ, ಮೊದಲು ಹೂಳನ್ನು ತೆಗೆಸುವುದೇ ಸರಿಯೆಂದು ನಿಶ್ಚಯಿಸಿದರು. ಸಾಲದ ಮಾತು ಅಷ್ಟರಮಟ್ಟಿಗೆ ಹಿಂದೆ ಬಿದ್ದಿತು. ಬಾವಿ ತುಂಬಿ ಹರಿಯಿತೆಂದು ನಾವು ಹೇಳುವುದಿಲ್ಲ. ಮಳೆಯ ನಾಡು ನಮ್ಮದಲ್ಲ. ತಂದೆ ಮಕ್ಕಳಿಗಾಗಿ ಬರೆದಿಟ್ಟ ಮಾತು ಮಕ್ಕಳಿಗೆ ತಲುಪಿತು, ಅಷ್ಟೇ. ಹತ್ತು ಗುರುತುಗಳನ್ನು ಕಲಿಸುವುದಕ್ಕೆ ಶಾಲೆಯಲ್ಲಿ ಒಂದು ವಾರ ಸಾಕು. ಅದನ್ನು ಕಲಿಸದಿದ್ದರೆ ಒಂದು ತಲೆಮಾರಿನ ವಹಿಗಳೆಲ್ಲ ಮುಚ್ಚಿಹೋಗುತ್ತವೆ. ಹೊರೆಯ ಮಾತನ್ನು ಆಡುವ ಪಾಲಕರು ಈ ಎರಡನ್ನು ತಕ್ಕಡಿಯಲ್ಲಿಟ್ಟು ತೂಗಬೇಕೆಂದು ನಮ್ಮ ವಿನಂತಿ.

ಸಹೋದ್ಯೋಗಿಗಳಿಗೆ ಎರಡು ಮಾತು. ಮೂರು ಸಾಲುಗಳನ್ನು ಒಂದೇ ದಿನ ಕಲಿಸಬಾರದು. ಕನ್ನಡದ ಸಾಲು ಮತ್ತು ಸ್ಥಾನಬೆಲೆ ಕೈವಶವಾದ ಮೇಲೆ ಅಂತರರಾಷ್ಟ್ರೀಯ ರೂಪವನ್ನು ಹೇಳಿಕೊಡಬೇಕು. ಆಗ ಮಗು ಹೊಸ ಲೆಕ್ಕವನ್ನಲ್ಲ, ಹೊಸ ಅಂಗಿಯನ್ನು ಮಾತ್ರ ನೋಡುತ್ತದೆ. ದೇವನಾಗರಿಯ ಸಾಲಿಗೆ ಪುಸ್ತಕಕ್ಕಿಂತ ಐನೂರು ರೂಪಾಯಿಯ ನೋಟು ಒಳ್ಳೆಯ ಪಾಠ. ಈಗಿನ ನೋಟಿನ ಮೇಲೆ ಐನೂರು ಎಂಬುದು ಅಂತರರಾಷ್ಟ್ರೀಯ ಅಂಕಿಗಳಲ್ಲಿಯೂ ದೇವನಾಗರಿ ಅಂಕಿಗಳಲ್ಲಿಯೂ ಇದೆ. ಹಿಂಬದಿಯ ಹದಿನೈದು ಭಾಷೆಗಳ ಪಟ್ಟಿಯಲ್ಲಿ ನಾಲ್ಕನೆಯ ಸಾಲು ನಮ್ಮ ಕನ್ನಡ. ನೋಟನ್ನು ತರಗತಿಯಲ್ಲಿ ಕೈಯಿಂದ ಕೈಗೆ ದಾಟಿಸಿರಿ, ಮಕ್ಕಳೇ ಹುಡುಕಲಿ. ಪಾಠ ಮುಗಿದ ಮೇಲೆ ನೋಟು ಮರಳಿ ಬಂದಿತೋ ಇಲ್ಲವೋ ಎಂದು ಎಣಿಸಿಕೊಳ್ಳುವುದನ್ನು ಮಾತ್ರ ಮರೆಯಬೇಡಿರಿ. ಶಿಕ್ಷಕನ ಸಂಬಳದಲ್ಲಿ ಐದರ ಬಲಗಡೆಯ ಸೊನ್ನೆಗಳಿಗೆ ಬಹಳ ಬೆಲೆಯಿದೆ.

ಆ ಬಾವಿಯ ವಹಿಯನ್ನು ಮನೆಯವರು ಈಗಲೂ ಬರೆಯುತ್ತಿದ್ದಾರೆ. ತಂದೆಯ ಕೊನೆಯ ೭ರ ಕೆಳಗೆ ಮಗನು 6 ಎಂದು ಬರೆದಿದ್ದಾನೆ. ಮರುವರ್ಷ ಹೂಳು ತೆಗೆಸಿದ ಮೇಲೆ ಹಗ್ಗವನ್ನು ಹಿಡಿದವಳು ಆ ಹುಡುಗಿ. ಅಂದಿನ ಸಾಲಿನಲ್ಲಿ ೯ ಇದೆ. ಎರಡು ರೂಪದ ಅಂಕಿಗಳು ಒಂದೇ ಸಾಲಿನಲ್ಲಿ ನಿಂತಿವೆ. ಲೆಕ್ಕ ಎಲ್ಲಿಯೂ ಕಡಿದಿಲ್ಲ. ಮುಂದಿನ ಯುಗಾದಿಗೆ ಎಷ್ಟು ಮೊಳವೆಂಬುದನ್ನು ಮಳೆರಾಯನು ಹೇಳಬೇಕು. ಓದುವುದಕ್ಕೆ ನಮ್ಮ ಮಕ್ಕಳು ಸಿದ್ಧರಿರಲಿ ಎಂದು ಹಾರೈಸಿ ಈ ಲೇಖನವನ್ನು ಮುಗಿಸುತ್ತೇವೆ.